ಕ್ಯಾಮೆರಾ ತೂಬಿನ ಪಕ್ಕ ಇರಲಿ

ಕೆರೆ ಕೋಡಿ ಬಿದ್ದ ವಾರದಲ್ಲೇ ಶಾಸಕರು ಬಾಗಿನ ಬಿಡಲು ಬರುತ್ತಾರೆ. ಮೊರ, ಸೀರೆ, ಅರಿಶಿನ ಕುಂಕುಮ, ಸುತ್ತ ಒಂದು ಡಜನ್ ಮೊಬೈಲು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಯಾವ ಕೆರೆಯಲ್ಲಿ ತೆಗೆದರೂ ಈ ದೃಶ್ಯ ಒಂದೇ ಥರ. ಹೋದ ವರ್ಷದ್ದನ್ನು ಈ ವರ್ಷ ಹಾಕಿದರೂ ಯಾರೂ ಗುರುತು ಹಿಡಿಯರು. ಕೆರೆಯ ನೀರು ಬಿಡುವ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಮೊದಲು, ಬೋರ್‌ವೆಲ್ ಇರುವವನಿಗೂ ಪಾಲುಂಟೋ, ಮೀನಿನ ಹರಾಜಿನ ದುಡ್ಡು ಎಲ್ಲಿಗೆ ಹೋಯಿತು, ಕೆರೆಯಂಗಳದಲ್ಲಿ ಒತ್ತುವರಿಯಾದ ಎರಡು ಗುಂಟೆ ಯಾರದ್ದು ಎಂಬ ಮಾತುಗಳು ನಡೆಯುವುದು ಅರಳಿಕಟ್ಟೆಯಲ್ಲಿ, ಹಾಲಿನ ಡೇರಿ ಮುಂದೆ, ಪಂಚಾಯಿತಿ ಕಚೇರಿಯ ಮೆಟ್ಟಿಲ ಮೇಲೆ. ರಾಜಕೀಯದ ಸಾಕ್ಷ್ಯಚಿತ್ರ ಮಾಡುವವರ ಕ್ಯಾಮೆರಾ ಇರಬೇಕಾದ ಜಾಗ ಅದು.

ಹೊಸಬರು ಸಾಮಾನ್ಯವಾಗಿ ಹತ್ತು ಹೆಸರು ಪಟ್ಟಿ ಮಾಡಿಕೊಂಡು, ಒಬ್ಬೊಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿ ‘ಈ ಬಗ್ಗೆ ನಿಮ್ಮ ಅಭಿಪ್ರಾಯವೇನು’ ಎಂದು ಕೇಳುತ್ತಾರೆ. ಅಭಿಪ್ರಾಯಕ್ಕೇನು ಬರ? ಕ್ಯಾಮೆರಾ ಕಂಡರೆ ಇನ್ನೂ ಒಂದು ಹಿಡಿ ಜಾಸ್ತಿಯೇ ಬರುತ್ತದೆ. ಅದರ ಬದಲು ಗದ್ದೆಗಳಿಗೆ ನೀರು ಹಂಚುವ ನೀರಗಂಟಿಯ ಹತ್ತಿರ ಹೋಗಿ ‘ತಾತ, ಕಳೆದ ಸಲ ತೂಬು ಎತ್ತಿದ್ದು ಯಾರು? ಯಾರು ಹೇಳಿದ ಮೇಲೆ ಎತ್ತಿದ್ರಿ?’ ಎಂದು ಕೇಳಿ. ಉತ್ತರದಲ್ಲಿ ಒಂದು ಹೆಸರು, ಒಂದು ದಿನ, ಒಂದು ಜಗಳ ಇರುತ್ತದೆ. ಸಿನಿಮಾಕ್ಕೆ ಬೇಕಾದದ್ದು ಆ ಮೂರು.

ಈ ಬಗೆಯ ಚಿತ್ರಣಕ್ಕೆ ದಾರಿ ತೆರೆದ ಕೆಲಸಗಳಲ್ಲಿ ಒಂದು 1960ರದ್ದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಲು ಕೆನಡಿ ಮತ್ತು ಹಂಫ್ರಿ ನಡುವೆ ಪಕ್ಷದೊಳಗಿನ ಚುನಾವಣೆ ನಡೆದಾಗ ಸಾಕ್ಷ್ಯಚಿತ್ರಕಾರ ರಾಬರ್ಟ್ ಡ್ರೂ ತಂಡ ಹೆಗಲ ಮೇಲಿಡುವ ಕ್ಯಾಮೆರಾ, ಹೊತ್ತುಕೊಂಡು ಓಡಾಡಬಹುದಾದ ಧ್ವನಿಮುದ್ರಕ ಹಿಡಿದು ಅಭ್ಯರ್ಥಿಗಳ ಹಿಂದೆಯೇ ನಡೆದು ‘ಪ್ರೈಮರಿ’ ಎಂಬ ಚಿತ್ರ ಮಾಡಿತು. ಆ ಚಿತ್ರದಲ್ಲಿ ಭಾಷಣಗಳಿವೆ, ಆದರೆ ನೋಡಿದವರಿಗೆ ನೆನಪಿರುವುದು ವೇದಿಕೆಯ ಮೇಲೆ ನಿಂತ ಕೆನಡಿ ಪತ್ನಿ ಜಾಕ್ಲೀನ್ ಬೆನ್ನ ಹಿಂದೆ ಬೆರಳುಗಳನ್ನು ಹೊಸೆಯುವ ಶಾಟ್. ಬಿಳಿ ಕೈಗವಸು, ಚಡಪಡಿಸುವ ಬೆರಳು. ನಮ್ಮ ಗ್ರಾಮಸಭೆಯಲ್ಲೂ ಅದೇ ಲೆಕ್ಕ. ಪಂಚಾಯಿತಿ ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲು. ಆದರೆ ಪ್ರಶ್ನೆ ಅಧ್ಯಕ್ಷೆಗೆ ಬಂದಾಗ ಅವರು ಮೊದಲು ಯಾರ ಮುಖ ನೋಡುತ್ತಾರೆ, ಹಾಜರಾತಿ ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಸಭೆ ಮುಗಿದ ಮೇಲೆ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ತುಂಬಿಸುತ್ತಾರೋ ಎನ್ನುವುದನ್ನು ಹಿಡಿದರೆ ಅರ್ಧ ಚಿತ್ರ ಮುಗಿದ ಹಾಗೆ.

ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು ಎನ್ನುತ್ತದೆ ಕಾನೂನು. ಅಂದರೆ ಒಂದು ತಪ್ಪಿದರೆ ಆರು ತಿಂಗಳು ಕಾಯಬೇಕಾದೀತು. ಡೇರಿ ಹಾಗಲ್ಲ, ದಿನಕ್ಕೆ ಎರಡು ಸಲ ತೆರೆಯುತ್ತದೆ. ಊರಿನ ಎಲ್ಲ ಜಾತಿ, ಎಲ್ಲ ಪಕ್ಷ ಕ್ಯಾನು ಹಿಡಿದು ಒಂದೇ ಸಾಲಿನಲ್ಲಿ ನಿಲ್ಲುವ ಜಾಗ ಬೇರೆ ಇಲ್ಲ. ಹಾಲು ಉತ್ಪಾದಕರ ಸಂಘದ ಚುನಾವಣೆ ವಿಧಾನಸಭೆ ಚುನಾವಣೆಗಿಂತ ಬಿಸಿಯಾಗಿ ನಡೆಯುವ ಊರುಗಳು ಇಲ್ಲಿ ಕಡಿಮೆಯೇನಿಲ್ಲ. ಮೊದಲ ನಾಲ್ಕೈದು ದಿನ ಕ್ಯಾಮೆರಾ ಚೀಲದಲ್ಲೇ ಇರಲಿ, ಬರೀ ಹೋಗಿ ನಿಲ್ಲಿ. ಆರನೇ ದಿನ ತೆಗೆದರೆ ಯಾರೂ ಲೆನ್ಸ್ ಕಡೆ ತಿರುಗುವುದಿಲ್ಲ.

ಡೇರಿ ಕೋಣೆಯಲ್ಲಿ ಬೆಳಗಿನ ಆರು ಗಂಟೆಗೆ ಒಂದು ಟ್ಯೂಬ್‌ಲೈಟು, ಬಾಗಿಲಿನಿಂದ ನೀಲಿ ಬೆಳಕು. ಬೆಳಕಿನ ಬಣ್ಣಕ್ಕೆ ಕ್ಯಾಮೆರಾ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋ ಇಟ್ಟರೆ ಒಂದೇ ಶಾಟಿನೊಳಗೆ ಮುಖದ ಬಣ್ಣ ಮೂರು ಸಲ ಬದಲಾಗುತ್ತದೆ, ಎಡಿಟಿಂಗ್‌ನಲ್ಲಿ ಅದನ್ನು ಸರಿಮಾಡುವುದು ಬಲು ಕಷ್ಟ. 4500 ಕೆಲ್ವಿನ್ ಸುಮಾರಿಗೆ ಕಟ್ಟಿಹಾಕಿ, ಹೆಚ್ಚುಕಡಿಮೆ ಇದ್ದರೆ ಆಮೇಲೆ ನೋಡಿಕೊಳ್ಳಬಹುದು. ಟ್ಯೂಬ್‌ಲೈಟಿನದ್ದೇ ಇನ್ನೊಂದು ಕಾಟ ಇದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಇಟ್ಟರೆ ಕಣ್ಣಿಗೆ ಬೀಳುವುದಿಲ್ಲ. ಎಷ್ಟೋ ಮೊಬೈಲುಗಳು ತಾವಾಗಿ 30 ಫ್ರೇಮು, 1/60ಕ್ಕೆ ಹೋಗಿ ಕೂರುತ್ತವೆ, ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಬೆಳಕು ತೇಲುವುದು ಅದಕ್ಕೇ. ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಶೆಡ್ಡಿಗೊಂದು ಬಗೆಯ ದೀಪ. ಅಗ್ಗದ ಎಲ್‌ಇಡಿಗಳು ಯಾವ ಲೆಕ್ಕಕ್ಕೂ ಸಿಗದ ವೇಗದಲ್ಲಿ ಮಿನುಗುತ್ತವೆ. ಹರಾಜು ಶುರುವಾಗುವ ಮೊದಲೇ ಪ್ರತಿ ಶೆಡ್ಡಿನಲ್ಲಿ ಹತ್ತು ಸೆಕೆಂಡು ತೆಗೆದು ದೊಡ್ಡ ಪರದೆಯಲ್ಲಿ ನೋಡಿಬಿಡಿ. 15 ಕೆ.ಜಿ. ಬಾಕ್ಸಿನ ಬೆಲೆ ಕೂಗುವುದು ಕೆಲವೇ ಸೆಕೆಂಡಿನ ಕೆಲಸ, ಎರಡನೇ ಟೇಕ್ ಇಲ್ಲ. ಅಲ್ಲಿ ಕೂಗುವವನಿಗಿಂತ ಬೆಲೆ ಕೇಳಿಸಿಕೊಂಡ ರೈತನ ಮುಖ ಮುಖ್ಯ, ಆದ್ದರಿಂದ ಕ್ಯಾಮೆರಾ ಮೊದಲೇ ರೈತನ ಮೇಲೆ ಇರಬೇಕು. ಕೂಗು ಹೇಗೂ ಕಿವಿಗೆ ಬೀಳುತ್ತದೆ.

ಕಿವಿ ಎಂದಾಗ ಸ್ವಲ್ಪ ನಿಲ್ಲಬೇಕು. ಅಲುಗಾಡಿದ ಚಿತ್ರವನ್ನು ಪ್ರೇಕ್ಷಕ ಸಹಿಸಿಕೊಳ್ಳುತ್ತಾನೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾನೆ. ಹಣ ಕಡಿಮೆ ಇದ್ದರೆ ಕ್ಯಾಮೆರಾ ಬಾಡಿಗೆಯಲ್ಲಿ ಉಳಿಸಿ ಮೈಕಿಗೆ ಹಾಕಿ. ಗ್ರಾಮಸಭೆಯಲ್ಲಿ ಧ್ವನಿವರ್ಧಕದ ಹಾರ್ನು, ಫ್ಯಾನು, ಶೀಟಿನ ಮೇಲ್ಛಾವಣಿ ಸೇರಿ ಎಲ್ಲವನ್ನೂ ಗೊಜ್ಜು ಮಾಡಿಬಿಡುತ್ತವೆ. ಕ್ಯಾಮೆರಾ ಮೇಲಿನ ಮೈಕು ಅಲ್ಲಿ ಇದ್ದೂ ಇಲ್ಲದ ಹಾಗೆ. ಮೂರು ಕಡೆ ಮುದ್ರಿಸಬೇಕು: ವೇದಿಕೆಯ ಮೈಕ್ ಸ್ಟ್ಯಾಂಡಿಗೆ ಟೇಪಿನಿಂದ ಕಟ್ಟಿದ ಚಿಕ್ಕ ರೆಕಾರ್ಡರು ಒಂದು, ಜನರ ನಡುವೆ ಕೋಲಿಗೆ ಕಟ್ಟಿದ, ಗುರಿಯಿಟ್ಟ ಕಡೆಯ ಸದ್ದನ್ನೇ ಹಿಡಿಯುವ ಶಾಟ್‌ಗನ್ ಮೈಕು ಇನ್ನೊಂದು, ಬಾಗಿಲ ಹತ್ತಿರ ಸುಮ್ಮನೆ ಸದ್ದು ಹಿಡಿಯಲು ಮತ್ತೊಂದು. ಶಾಟ್‌ಗನ್ ಮೈಕು ಮಾತಾಡುವವರ ಬಾಯಿಂದ ಒಂದು ಮೀಟರಿಗಿಂತ ದೂರ ಹೋದರೆ ಪ್ರಯೋಜನವಿಲ್ಲ. ಆಂಪ್ಲಿಫೈಯರ್‌ನ ಲೈನ್ ಔಟ್ ಸಿಕ್ಕರೆ ಒಳ್ಳೆಯದು, ಆದರೆ ಅದನ್ನು ರೆಕಾರ್ಡರಿನ ಲೈನ್ ಇನ್‌ಗೆ ಕೊಡಬೇಕು. ಮೈಕ್ ಇನ್‌ಗೆ ಚುಚ್ಚಿದರೆ ಎಲ್ಲ ಒಡೆದ ತಗಡಿನ ಸದ್ದು. ರೆಕಾರ್ಡರನ್ನು 48 ಕಿಲೋಹರ್ಟ್ಸ್, 24 ಬಿಟ್‌ಗೆ ಇಡಿ, ಜೋರು ಮಾತು ಅದರ ಸದ್ದಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಸುಮಾರಿಗೆ ನಿಲ್ಲಲಿ. ಜಗಳ ಎದ್ದಾಗ ಮೇಲೆ ಹೋಗಲು ಜಾಗ ಬೇಕಲ್ಲ.

ಎದೆಗೆ ಸಿಕ್ಕಿಸುವ ಕಾಲರ್ ಮೈಕಿನ ವಿಷಯದಲ್ಲಿ ಇಲ್ಲಿನ ಉಡುಪೇ ಪಾಠ ಕಲಿಸುತ್ತದೆ. ಮುಖಂಡರ ಗಂಜಿ ಹಾಕಿದ ಬಿಳಿ ಅಂಗಿ ಉಸಿರೆಳೆದಾಗಲೆಲ್ಲ ಚರಚರ ಎನ್ನುತ್ತದೆ. ಬಟ್ಟೆ ಮೈಕಿಗೆ ಉಜ್ಜದಂತೆ ಎರಡೂ ಕಡೆ ಔಷಧಿ ಅಂಗಡಿಯ ಪೇಪರ್ ಟೇಪು ಹಚ್ಚಬೇಕು. ಹೆಂಗಸರ ಮಾಂಗಲ್ಯ, ಕರಿಮಣಿ ಸರ ತಲೆ ಅಲ್ಲಾಡಿದಾಗೆಲ್ಲ ಮೈಕಿಗೆ ಟಕಟಕ ಬಡಿಯುತ್ತದೆ. ಸರವನ್ನು ತೆಗೆಯಿರಿ ಎನ್ನುವ ಮಾತು ಬಾಯಿಂದ ಬರಕೂಡದು. ಮೈಕನ್ನೇ ಸೆರಗಿನ ಅಂಚಿನಲ್ಲಿ, ಭುಜದ ಕಡೆಗೆ, ಗಲ್ಲದಿಂದ ಒಂದು ಗೇಣು ಕೆಳಗೆ ಸರಿಸಿದರಾಯಿತು. ಸಿಕ್ಕಿಸುವ ಕೆಲಸ ತಂಡದ ಹೆಣ್ಣುಮಗಳದ್ದು, ಇಲ್ಲವೇ ಅವರೇ ಸಿಕ್ಕಿಸಿಕೊಳ್ಳಲಿ. ವೈರ್‌ಲೆಸ್ ಮೈಕಿನ ಡಬ್ಬಿಯ ಮೇಲೆ ಬರೆದ ದೂರ ಖಾಲಿ ಮೈದಾನದ್ದು. ಮನುಷ್ಯನ ಮೈ ಬಹುಪಾಲು ನೀರು, 2.4 ಗಿಗಾಹರ್ಟ್ಸ್ ತರಂಗವನ್ನು ಹೀರಿಕೊಳ್ಳುತ್ತದೆ. ಮೆರವಣಿಗೆಯಲ್ಲಿ ಸಿಗ್ನಲ್ ತುಂಡಾಗುವುದು ಆ ಕಾರಣಕ್ಕೆ. ಮೈಕಿನೊಳಗೇ ಮುದ್ರಿಸಿಕೊಳ್ಳುವ ಮಾದರಿ ಇದ್ದರೆ ಅದನ್ನೇ ತರಿಸಿ. ಪ್ರತಿ ಜಾಗದಲ್ಲೂ ಯಾರೂ ಮಾತಾಡದ ಒಂದು ನಿಮಿಷ ಹಿಡಿಯಿರಿ, ಎಡಿಟಿಂಗ್‌ನಲ್ಲಿ ಕತ್ತರಿಸಿದ ಮಾತುಗಳ ನಡುವೆ ತೇಪೆ ಹಾಕಲು ಅದೇ ಬೇಕು. ಚಿತ್ರಕ್ಕೂ ಧ್ವನಿಗೂ ತಾಳೆ ಹಾಕಲು ಕ್ಯಾಮೆರಾ ಮುಂದೆ ಶುರುವಿನಲ್ಲೊಂದು, ಕೊನೆಯಲ್ಲೊಂದು ಚಪ್ಪಾಳೆ ಹೊಡೆಯಿರಿ. ಕ್ಯಾಮೆರಾ ಮತ್ತು ರೆಕಾರ್ಡರಿನ ಗಡಿಯಾರಗಳು ಗಂಟೆಗಟ್ಟಲೆ ಓಡಿದರೆ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ, ಎಷ್ಟು ತಪ್ಪಿತು ಎಂದು ತಿಳಿಯುವುದು ಎರಡನೇ ಚಪ್ಪಾಳೆಯಿಂದ. ಹಳೆಯ ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತವೆ. ಜಗಳ ಶುರುವಾಗುವುದು ಮೂವತ್ತೊಂದನೇ ನಿಮಿಷಕ್ಕೆ ಎಂದು ಬರೆದಿಟ್ಟಿರುತ್ತದೆ!

ಈ ಸೀಮೆಯ ಇನ್ನೊಂದು ವಿಶೇಷ ಭಾಷೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ಕೆಜಿಎಫ್‌ನಲ್ಲಿ ತಮಿಳು, 2001ರಲ್ಲಿ ಚಿನ್ನದ ಗಣಿ ಮುಚ್ಚಿದ ನೋವನ್ನು ಅಲ್ಲಿನವರು ಆ ಭಾಷೆಯಲ್ಲೇ ಹೇಳಬೇಕು. ದಖನಿ ಉರ್ದು ಎಲ್ಲ ಪೇಟೆಗಳಲ್ಲೂ ಇದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮುಂದೆ ಕನ್ನಡದಲ್ಲಿ ‘ಆಗಲಿ ಸಾರ್’ ಎಂದವರು ಪಕ್ಕದವರ ಕಡೆ ತಿರುಗಿ ತೆಲುಗಿನಲ್ಲಿ ನಾಲ್ಕು ಮಾತಾಡುತ್ತಾರೆ. ಚಿತ್ರದ ಜೀವ ಆ ನಾಲ್ಕು ಮಾತಿನಲ್ಲಿದೆ. ಅದಕ್ಕೆ ಮಾತು ಇಳಿಸಿ ಬರೆಯುವವರು ಅದೇ ತಾಲ್ಲೂಕಿನವರಾಗಿರಬೇಕು. ಸ್ಪಷ್ಟ ಮಾತಾದರೆ ಒಂದು ಗಂಟೆಯದ್ದನ್ನು ಇಳಿಸಲು ಐದಾರು ಗಂಟೆ, ಗದ್ದಲದ್ದಾದರೆ ಎರಡರಷ್ಟು. ಟೈಮ್‌ಕೋಡ್, ಅಂದರೆ ಮಾತು ಬರುವ ನಿಮಿಷ ಸೆಕೆಂಡು, ಒಂದು ಕಡೆ, ಆಡಿದ ಮಾತು ಆಡಿದಂತೆಯೇ ಇನ್ನೊಂದು ಕಡೆ, ಅರ್ಥ ಮತ್ತೊಂದು ಕಡೆ. ಆಡಿದ ಮಾತನ್ನು ತಿದ್ದಬೇಡಿ ಎನ್ನುವುದಕ್ಕೆ ಒಂದು ಉದಾಹರಣೆ: ಇಲ್ಲಿನ ಹಳ್ಳಿಯವರು ‘ನೀರು ಬತ್ತದೆ’ ಎಂದರೆ ನೀರು ಬರುತ್ತದೆ ಎಂದು. ಪುಸ್ತಕದ ಕನ್ನಡ ಮಾತ್ರ ಗೊತ್ತಿರುವವರು ಅದನ್ನು ‘ಬತ್ತಿ ಹೋಗದೆ’ ಎಂದು ಓದಿ ಸಬ್‌ಟೈಟಲ್ ಹಾಕಿಬಿಡಬಹುದು. 2018ರಿಂದ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯದು ಬೇಕೇ ಎಂಬ ವಾದವೂ ಜೊತೆಗೇ ಹರಿಯುತ್ತಿದೆ. ಇಂಥ ವಿಷಯದಲ್ಲಿ ಒಂದು ಕ್ರಿಯಾಪದ ತಪ್ಪಿದರೆ ವಾದ ಮಾಡಿದವರ ಪಕ್ಷವೇ ಬದಲಾಗುತ್ತದೆ.

ಮಾತಿಗೆ ಕಾಗದದ ಬೆಂಬಲ ಬೇಕು. ಕೆರೆ ಹೂಳೆತ್ತಿದ ಕಾಮಗಾರಿಯ ಬಿಲ್ಲು, ಅಳತೆ ಪುಸ್ತಕ, ಸಭೆಯ ನಡಾವಳಿ ಮಾಹಿತಿ ಹಕ್ಕಿನಲ್ಲಿ ಸಿಗುತ್ತವೆ. ಶುಲ್ಕ 10 ರೂಪಾಯಿ, ಗಡುವು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಐದು ವಿಷಯ ತುರುಕಿದರೆ ಹಿಂದಿರುಗಿಸಲು ಅವರಿಗೆ ಒಂದು ನೆಪ ಕೊಟ್ಟ ಹಾಗೆ. ಕೆರೆಯಂಗಳದಲ್ಲಿ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಬರುತ್ತದೆ, ಆಮೇಲೆ ಪಹಣಿ ತೆಗೆಸಿ ನೋಡಿ. ಆ್ಯಪ್ ತೋರಿಸಿದ ಗಡಿಯನ್ನೇ ಸಾಕ್ಷಿ ಎಂದು ಪರದೆಯ ಮೇಲೆ ಹಾಕಬೇಡಿ. ಒತ್ತುವರಿ ಎನ್ನಬೇಕಾದರೆ ಸರ್ವೆಯವರ ಅಳತೆ ಬೇಕು.

ಒಪ್ಪಿಗೆ ಪತ್ರದ ಬಗ್ಗೆ ಎಲ್ಲರೂ ಹೇಳುತ್ತಾರೆ, ಸಹಿಯೂ ಹಾಕಿಸುತ್ತಾರೆ. ಓದಲು ಬಾರದವರಿಗೆ ಅದು ಬರೀ ಹೆಬ್ಬೆಟ್ಟು. ಅವರ ಮನೆಮಾತಿನಲ್ಲೇ ಕ್ಯಾಮೆರಾ ಮುಂದೆ ಕೇಳಿ: ‘ಅಕ್ಕ, ಇದು ಊರ ಹೊರಗೂ ತೋರಿಸ್ತೀವಿ, ಫೋನಲ್ಲೂ ಬರುತ್ತೆ, ಊರ ದೊಡ್ಡಮನೆಯವರೂ ನೋಡ್ತಾರೆ. ಆಗಬಹುದಾ?’ ಮೂರನೇ ಮಾತಿಗೆ ಅವರು ತಡವರಿಸಿದರೆ ಉತ್ತರ ಸಿಕ್ಕಿತು ಎಂದೇ ತಿಳಿಯಿರಿ. ಮಾನಸಿಕ ರೋಗಿಗಳಾದ ಕೈದಿಗಳನ್ನು ಇಡುತ್ತಿದ್ದ ಅಮೆರಿಕದ ಒಂದು ಆಸ್ಪತ್ರೆಯ ಬಗ್ಗೆ ಫ್ರೆಡರಿಕ್ ವೈಸ್‌ಮನ್ 1967ರಲ್ಲಿ ಮಾಡಿದ ಚಿತ್ರ, ಒಳಗಿದ್ದವರ ಖಾಸಗಿತನದ ಪ್ರಶ್ನೆ ಎದ್ದು, ಮ್ಯಾಸಚೂಸೆಟ್ಸ್‌ನಲ್ಲಿ 1991ರವರೆಗೆ ಸಾರ್ವಜನಿಕರಿಗೆ ಮುಕ್ತವಾಗಿ ತೋರಿಸಲಾಗಲಿಲ್ಲ. ಚಿತ್ರ ಒಳ್ಳೆಯದೇ, ಪ್ರಶ್ನೆಯೂ ಸರಿಯಾದದ್ದೇ. ಮತಕ್ಕಾಗಿ ದುಡ್ಡು ಹಂಚುವ ದೃಶ್ಯ ಸಿಕ್ಕರೆ ತೆಗೆದುಕೊಂಡ ಕೂಲಿಯವರ ಮುಖ ಮುಚ್ಚಿ. ಅವರು ಅದೇ ಊರಿನಲ್ಲಿ ಬಾಳಬೇಕು, ನೀವು ಬಸ್ಸು ಹತ್ತುತ್ತೀರಿ. ಮುಖ ಮಸುಕು ಮಾಡಿ ದನಿ, ಬಳೆ, ಮನೆ ಬಾಗಿಲ ಬಣ್ಣ ಹಾಗೇ ಬಿಟ್ಟರೆ ಊರಿನವರಿಗೆ ಅರೆಕ್ಷಣದಲ್ಲಿ ಗುರುತು ಸಿಗುತ್ತದೆ.

ಚುನಾವಣೆ ವೇಳೆ ಮತಗಟ್ಟೆಯೊಳಗೆ ಹೋಗಲು ಆಯೋಗದ ಅಧಿಕಾರಪತ್ರ ಬೇಕು. ಇದ್ದರೂ ಮತಯಂತ್ರದ ಮುಂದಿನ ಕೈಯನ್ನು ತೆಗೆಯುವಂತಿಲ್ಲ, ಮತದ ಗೋಪ್ಯತೆ ಕಾನೂನಿನ ಮಾತು. ಮತದಾನ ಮುಗಿಯುವ ಹಿಂದಿನ 48 ಗಂಟೆ ಚುನಾವಣೆಗೆ ಸಂಬಂಧಿಸಿದ ಯಾವುದನ್ನೂ ಸಾರ್ವಜನಿಕವಾಗಿ ಪ್ರದರ್ಶಿಸಬೇಡಿ. ಡ್ರೋನು ಬೇಕೆನ್ನುವವರಿಗೆ: ದೇವನಹಳ್ಳಿ ವಿಮಾನ ನಿಲ್ದಾಣ ಹತ್ತಿರದಲ್ಲಿದೆ, ವಲಯದ ನಕ್ಷೆ ನೋಡಿ. ಮೊದಲೇ ಅನುಮತಿ ಬೇಡದ ಹಸಿರು ವಲಯದಲ್ಲೂ ಗರಿಷ್ಠ ಮಿತಿ 400 ಅಡಿ, ನಿಲ್ದಾಣದ ಹತ್ತಿರ ಇನ್ನೂ ಕಡಿಮೆ. ನನ್ನ ಮಟ್ಟಿಗೆ ಕೆರೆಯ ಮೇಲಿಂದ ತೆಗೆದ ಶಾಟ್ ಚಿತ್ರಕ್ಕೆ ಒಂದು ಸಾಕು.

ಫೈಲುಗಳ ಲೆಕ್ಕ ಮೊದಲೇ ಹಾಕಿ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ನಾಲ್ಕು-ಕೆ ವಿಡಿಯೊ ಎಂದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಮೂರು ಗಂಟೆಯ ಸಭೆ: 270 ಜಿಬಿ. ಅದೇ ರಾತ್ರಿ ಎರಡು ಡಿಸ್ಕಿಗೆ ಇಳಿಯಬೇಕು, ಎರಡೂ ಒಂದೇ ಚೀಲದಲ್ಲಿ ಇರಕೂಡದು. ಲ್ಯಾಪ್‌ಟಾಪಿನ ಚಾರ್ಜು ತುಂಬಿರುವಾಗ ಮಾತ್ರ ಇಳಿಸಿ, ಕರೆಂಟು ನಂಬಿ ಕೂರಬೇಡಿ. ಫೈಲು ತೆರೆದು ಕೊನೆಯ ನಿಮಿಷ ನೋಡಿದ ಮೇಲೆ ಕಾರ್ಡು ಅಳಿಸುವ ಮಾತು.

ಚಿತ್ರ ಮುಗಿದ ಮೇಲೆ ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಸಾಕ್ಷ್ಯಚಿತ್ರಕ್ಕೂ ಪ್ರಮಾಣಪತ್ರ ಬೇಕು. ಇದನ್ನು ಪ್ರಶ್ನಿಸಿ ಹಿಂದಿ ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸ್ ಸುಪ್ರೀಂ ಕೋರ್ಟಿಗೆ ಹೋದದ್ದು ತಮ್ಮ ಒಂದು ಕಿರು ಸಾಕ್ಷ್ಯಚಿತ್ರಕ್ಕಾಗಿಯೇ. 1970ರಲ್ಲಿ ಕೋರ್ಟು ಪೂರ್ವ ಪರಿಶೀಲನೆಯನ್ನು ಎತ್ತಿ ಹಿಡಿಯಿತು. ಪ್ರಮಾಣಪತ್ರ ಕೊಡುವ ಸೆನ್ಸಾರ್ ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೊದಲು ಮೇಲ್ಮನವಿ ನ್ಯಾಯಮಂಡಳಿ ಇತ್ತು. 2021ರಲ್ಲಿ ಅದು ರದ್ದಾಗಿ ಈಗ ಹೈಕೋರ್ಟಿಗೇ ಹೋಗಬೇಕು. ವಕೀಲರ ಖರ್ಚನ್ನೂ ಬಜೆಟ್ಟಿನಲ್ಲಿ ಬರೆದುಕೊಳ್ಳಿ.

ಅದಕ್ಕೂ ಮೊದಲು, ಅಂತಿಮ ಕಟ್ ಆಗುವ ಮುನ್ನ, ಚಿತ್ರದಲ್ಲಿರುವವರನ್ನು ಒಂದು ಮನೆಯಲ್ಲಿ ಸೇರಿಸಿ ಲ್ಯಾಪ್‌ಟಾಪಿನಲ್ಲಿ ತೋರಿಸಿ. ಸಂಜೆ ಹಾಲು ಹಾಕಿ ಬಂದ ಮೇಲಾದರೆ ಎಲ್ಲರಿಗೂ ಬಿಡುವು. ಯಾವ ಜಾಗದಲ್ಲಿ ನಗುತ್ತಾರೆ, ಯಾವ ಜಾಗದಲ್ಲಿ ಎದ್ದು ಹೊರಗೆ ಹೋಗುತ್ತಾರೆ ಎಂದು ಟೈಮ್‌ಕೋಡ್ ಸಮೇತ ಬರೆದುಕೊಳ್ಳಲು ಒಬ್ಬರು ಹಿಂದೆ ಕೂತಿರಲಿ. ತಪ್ಪಾದ ಹೆಸರು, ಅದಲುಬದಲಾದ ಕೆರೆ, ತಿರುಚಿದ ಅನುವಾದ ಎಲ್ಲ ಆ ಒಂದು ಸಂಜೆ ಸಿಕ್ಕಿಬೀಳುತ್ತವೆ.