ಆರು ವರ್ಷ ಇದ್ದ ಮಾತ್ರಕ್ಕೆ ನಿಷ್ಠೆ ಅನ್ನಬಹುದಾ? ಖಾಸಗಿ ವಿವಿ ಬೋಧಕರ ಬಗ್ಗೆ ಎಚ್‌ಆರ್ ಟಿಪ್ಪಣಿ

‘ಖಾಸಗಿ ವಿಶ್ವವಿದ್ಯಾಲಯ ನಿಷ್ಠಾವಂತ ಬೋಧಕರನ್ನು ಉಳಿಸಿಕೊಳ್ಳುವುದು ಹೇಗೆ?’ ಅಂತ ಪರೀಕ್ಷೆಯಲ್ಲಿ ಕೇಳಿದರೆ ಸಂಬಳ, ಬಡ್ತಿ, ಪ್ರಶಸ್ತಿ ಎಂದು ಬರೆದು ಮುಂದೆ ಹೋಗುವವರೇ ಜಾಸ್ತಿ. ಅದಕ್ಕೂ ಮೊದಲು ಒಂದು ಗಂಟು ಬಿಡಿಸಿಕೊಳ್ಳಬೇಕು. ಕೆಲಸ ಬಿಡದೆ ಇರುವುದೇ ಬೇರೆ, ನಿಷ್ಠೆಯೇ ಬೇರೆ.

ಸಂಶೋಧಕರಾದ ಮೇಯರ್ ಮತ್ತು ಅಲೆನ್ 1991ರಲ್ಲಿ ಕೊಟ್ಟ ಮಾದರಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಜನ ಒಂದು ಸಂಸ್ಥೆಯಲ್ಲಿ ಉಳಿಯುವುದಕ್ಕೆ ಅವರು ಹೇಳುವ ಕಾರಣ ಮೂರು: ಇರಲು ಇಷ್ಟ, ಬಿಟ್ಟರೆ ನಷ್ಟ, ಬಿಡುವುದು ಸರಿಯಲ್ಲ. ಅಫೆಕ್ಟಿವ್, ಕಂಟಿನ್ಯುಯನ್ಸ್, ನಾರ್ಮೇಟಿವ್ ಕಮಿಟ್‌ಮೆಂಟ್ ಎಂದರೆ ಕ್ರಮವಾಗಿ ಇವೇ.

ಬಳ್ಳಾರಿಯ ಒಂದು ಖಾಸಗಿ ವಿವಿಯಲ್ಲಿ ಇಬ್ಬರು ಇದ್ದಾರೆ ಅಂದುಕೊಳ್ಳಿ. ಇಬ್ಬರದೂ ಆರು ವರ್ಷ ಸರ್ವೀಸ್. ಒಬ್ಬ ಸರ್‌ಗೆ ಮನೆ ಸಾಲ ಇದೆ, ಹೆಂಡತಿಗೆ ತೋರಣಗಲ್ಲಿನ ಜಿಂದಾಲ್‌ನಲ್ಲಿ ಕೆಲಸ. ಇನ್ನೊಬ್ಬ ಮೇಡಂ ಸಂಡೂರಿನ ಅದಿರಿನ ಸ್ಯಾಂಪಲ್ ತರಿಸಿ ಹುಡುಗರಿಂದ ಪ್ರಾಜೆಕ್ಟ್ ಮಾಡಿಸುತ್ತಾರೆ, ಸಂಜೆ ಆರಾದರೂ ಲ್ಯಾಬ್ ಬಿಡುವುದಿಲ್ಲ. ಎಚ್‌ಆರ್ ಫೈಲಿನಲ್ಲಿ ಇಬ್ಬರೂ ಒಂದೇ ಸಾಲು. ಆದರೆ ಹೆಂಡತಿಗೆ ಸೇಲಂ ಘಟಕಕ್ಕೆ ವರ್ಗವಾದರೆ ಸರ್ ಹೊರಟರು ಅಂತಲೇ ಲೆಕ್ಕ. ಅವರನ್ನು ಹಿಡಿದಿಟ್ಟದ್ದು ಬಳ್ಳಾರಿ, ವಿವಿ ಅಲ್ಲ; ಇದು ‘ಬಿಟ್ಟರೆ ನಷ್ಟ’. ಮೇಡಂ ಹಾಗಲ್ಲ, ಅವರದು ‘ಇರಲು ಇಷ್ಟ’. ಆದರೆ ಲ್ಯಾಬಿನ ದುಡ್ಡು ನಿಲ್ಲಿಸಿ, ಏಪ್ರಿಲ್ ಬಿಸಿಲಲ್ಲಿ ‘ಅಡ್ಮಿಷನ್ ತನ್ನಿ’ ಎಂದು ಸಿರುಗುಪ್ಪ, ಕಂಪ್ಲಿಯ ಪಿಯು ಕಾಲೇಜುಗಳ ಗೇಟಿನಲ್ಲಿ ಪಾಂಪ್ಲೆಟ್ ಹಿಡಿಸಿ ನಿಲ್ಲಿಸಿದರೆ ಅವರೂ ಉಳಿಯುವುದಿಲ್ಲ. ಹೀಗೆ ಕಳೆದುಕೊಂಡವರನ್ನು ಹಣ ಕೊಟ್ಟು ಮರಳಿ ತರುವುದು ಕಷ್ಟ.

ನಾರ್ಮೇಟಿವ್‌ಗೆ ಒಂದೇ ಉದಾಹರಣೆ ಸಾಕು: ಪಿಎಚ್‌ಡಿಗೆ ರಜೆ, ಫೀಸು ಕೊಟ್ಟ ಸಂಸ್ಥೆಯನ್ನು ತಕ್ಷಣ ಬಿಡಲು ಮನಸ್ಸು ಒಪ್ಪುವುದಿಲ್ಲ.

ನಮ್ಮ ಭಾಗದ್ದೇ ಒಂದು ಅಂಶವಿದೆ, ಉತ್ತರದಲ್ಲಿ ತಪ್ಪದೆ ಬರೆಯಿರಿ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಸ್ಥಳೀಯ ಮೀಸಲಾತಿ ಇದೆ. ಸಹಾಯಕ ಪ್ರಾಧ್ಯಾಪಕರ ನೋಟಿಫಿಕೇಷನ್ ಬಂದರೆ ನೆಟ್, ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾದವರೆಲ್ಲ ಅರ್ಜಿ ಹಾಕುತ್ತಾರೆ. ಹಾಕದೆ ಏನು ಮಾಡ್ತಾರೆ? ಯುಜಿಸಿಯ ಏಳನೇ ವೇತನ ಶ್ರೇಣಿಯಲ್ಲಿ ಆರಂಭದ ಮೂಲ ವೇತನವೇ 57,700 ರೂಪಾಯಿ. ಇದನ್ನು ನಿಷ್ಠೆಯ ಕೊರತೆ ಅನ್ನುವ ಮ್ಯಾನೇಜ್‌ಮೆಂಟ್, ತಾನು ಪ್ರತಿ ಜೂನ್‌ನಲ್ಲಿ 11 ತಿಂಗಳ ನೇಮಕಾತಿ ಆರ್ಡರ್ ಕೊಡುತ್ತಿದ್ದರೆ ಅದನ್ನೂ ಸ್ವಲ್ಪ ನೋಡಿಕೊಳ್ಳಬೇಕು. ವರ್ಷಕ್ಕೊಮ್ಮೆ ಸರ್ವೀಸ್ ಕತ್ತರಿಸುವವರು ಹತ್ತು ವರ್ಷದ ನಿಷ್ಠೆ ಕೇಳುವುದು ಯಾವ ನ್ಯಾಯ?

ಕೊನೆಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಂಸ್ಥೆ ಕೊಡುವ ಇಡುಗಂಟು. ಮೊದಲು 1972ರ ಕಾಯ್ದೆಯಲ್ಲಿದ್ದ, 2025ರ ನವೆಂಬರ್‌ನಿಂದ ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿದ ಈ ಲೆಕ್ಕದಲ್ಲಿ ಸಾಮಾನ್ಯವಾಗಿ 5 ವರ್ಷ ಸತತ ಸೇವೆ ಬೇಕು. ಕೊನೆಯ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಎರಡೂ ಸೇರಿ 40,000 ಇದ್ದು 6 ವರ್ಷ ಆಗಿದ್ದರೆ ಸುಮಾರು 1,38,460 ರೂಪಾಯಿ. ಶಿಕ್ಷಕರನ್ನೂ ಇದರೊಳಗೆ ತಂದ 2009ರ ತಿದ್ದುಪಡಿಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ಗ್ರಾಚ್ಯುಟಿಯನ್ನು ನಿಷ್ಠೆ ಬೆಳೆಸುವ ಕ್ರಮ ಅಂತ ಬರೆಯಬೇಡಿ. ಅದು ‘ಬಿಟ್ಟರೆ ನಷ್ಟ’ದ ಗುಂಪಿಗೆ ಸೇರಿದ್ದು. ನಾಲ್ಕನೇ ವರ್ಷದಲ್ಲಿ ಇರುವವರನ್ನು ಹಿಡಿದಿಡುತ್ತದೆ, ಐದು ದಾಟಿದವರ ಮೇಲೆ ಅದರ ಹಿಡಿತ ಕಡಿಮೆ.