'ಮರ ಉಳಿಸಿ' ಅಂತ ಬರೆದರೆ 'ಮಠ ಉಳಿಸಿ' ಆಯಿತು

ಚಿತ್ರಕಲಾ ಕಾಲೇಜಿನ ಹುಡುಗನೊಬ್ಬ ಮೊನ್ನೆ ನನ್ನ ಸ್ಟುಡಿಯೋಗೆ ಬಂದಿದ್ದ. ಬೆರಳಿಗೆಲ್ಲ ಸ್ಪ್ರೇ ಬಣ್ಣ ಮೆತ್ತಿಕೊಂಡಿತ್ತು. 'ಸಾರ್, ಇಂಗ್ಲಿಷ್‌ನಲ್ಲಿ ಗ್ರಾಫಿಟಿ ಮಾಡಿದರೆ ಸಕ್ಕತ್ತಾಗಿ ಬರುತ್ತೆ. ಕನ್ನಡದಲ್ಲಿ ಮಾಡಿದರೆ ಕಡಲೆಕಾಯಿ ಚೆಲ್ಲಿದ ಹಾಗೆ ಕಾಣುತ್ತೆ. ಯಾಕೆ?' ಅಂದ. ಬೆಂಗಳೂರಿನ ಗೋಡೆಗಳಿಗೆ, ಅಂಗಡಿ ಬೋರ್ಡುಗಳಿಗೆ ಅಕ್ಷರ ಬರೆದುಕೊಂಡೇ ನನ್ನ ಹೊಟ್ಟೆಪಾಡು ನಡೆಯುತ್ತಿದೆ. ಹುಡುಗನ ಕೈ ಚೆನ್ನಾಗಿಯೇ ಇದೆ. ಅವನು ಕಲಿತ ಅಚ್ಚು ಬೇರೆ ಲಿಪಿಯದು, ಅಷ್ಟೇ.

ನಾವು ಗ್ರಾಫಿಟಿ ಅನ್ನುವ ಈ ಶೈಲಿ ಬೆಳೆದದ್ದು ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಲ್ಲಿ. ಊರೆಲ್ಲ 'ಟಾಕಿ 183' ಅಂತ ಗೀಚಿದ ಹುಡುಗನ ಬಗ್ಗೆ 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಅಡ್ಡಹೆಸರು, ಪಕ್ಕದಲ್ಲಿ ಅವನ ಬೀದಿಯ ನಂಬರ್. ಆಮೇಲೆ ರೈಲು ಬೋಗಿಗಳ ಮೇಲೆ ಅಕ್ಷರಗಳು ಉಬ್ಬಿದವು, ಒಂದರೊಳಗೊಂದು ಹೆಣೆದುಕೊಂಡವು. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ಇಟ್ಟಿಗೆ ಜೋಡಿಸಿದ ಹಾಗೆ ಸಾಲಾಗಿ ನಿಲ್ಲುತ್ತವೆ. ಎಷ್ಟು ಒತ್ತರಿಸಿದರೂ ತಡೆದುಕೊಳ್ಳುತ್ತವೆ.

ಈಗ 'ಮಲ್ಲೇಶ್ವರಂ' ಬರೆದು ನೋಡಿ. ಮೇಲೆ ಏತ್ವ, ಪಕ್ಕದಲ್ಲಿ ದೀರ್ಘ, ಕೆಳಗೆ ಎರಡು ಒತ್ತು, ಕೊನೆಗೆ ಸೊನ್ನೆ. ಪದ ಒಂದೇ, ಮಹಡಿ ಮೂರು. ಹೊಸಬರು ಗೋಡೆಯ ಎತ್ತರವನ್ನೆಲ್ಲ ನಡುವಿನ ಮಹಡಿಗೇ ಕೊಟ್ಟುಬಿಡುತ್ತಾರೆ. ಕೊನೆಗೆ ಒತ್ತಕ್ಷರಗಳು ಚರಂಡಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತವೆ. ನಾನು ಯಾವ ಗೋಡೆಗೆ ಹೋದರೂ ಮೊದಲು ಒತ್ತಿನ ಜಾಗ ಗುರುತು ಹಾಕಿಕೊಳ್ಳುತ್ತೇನೆ. ತಲೆಕಟ್ಟಿನ ಗೆರೆ ಆಮೇಲೆ.

ಕೊರೆಯಚ್ಚು, ಅಂದರೆ ಸ್ಟೆನ್ಸಿಲ್‌ನ ಕಥೆ ಇನ್ನೂ ಮಜಾ. ಹಾಳೆಯಲ್ಲಿ ಅಕ್ಷರದ ಆಕಾರ ಕತ್ತರಿಸಿ ತೆಗೆದು, ಆ ತೂತಿನ ಮೇಲೆ ಸ್ಪ್ರೇ ಹೊಡೆಯುವುದು. ಹಲವು ವರ್ಷಗಳ ಹಿಂದೆ ಒಂದು ಬಡಾವಣೆಯವರಿಗಾಗಿ 'ಮರ ಉಳಿಸಿ' ಅಂತ ಕೊರೆದೆ. 'ರ'ದ ಸುತ್ತು ಕತ್ತರಿಸಿದ್ದೇ ತಡ, ಅದರ ಹೊಟ್ಟೆಯೂ ಕಳಚಿ ಕೈಗೆ ಬಂತು. ಅವಸರದಲ್ಲಿ ಹಾಗೇ ಹೊಡೆದೆ. ಗೋಡೆ ಮೇಲೆ ಮೂಡಿದ್ದು ತಲೆಕಟ್ಟು ಇರುವ ಒಂದು ಕಪ್ಪು ಉಂಡೆ. ವಾಕಿಂಗ್ ಬಂದ ಹಿರಿಯರೊಬ್ಬರು ನಿಂತು ಓದಿ, 'ಯಾವ ಮಠಕ್ಕೆ ಏನಾಯ್ತಪ್ಪಾ?' ಅಂತ ಕೇಳಿದರು. ಅವರದೇನೂ ತಪ್ಪಿಲ್ಲ. 'ರ'ಕ್ಕೂ 'ಠ'ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕಿ. ಹೊಟ್ಟೆಯೇ ಇಲ್ಲದಿದ್ದರೆ ಮರ, ಮಠ ಎರಡೂ ಒಂದೇ ಅಲ್ವಾ?

ಇದಕ್ಕೆ ಉಪಾಯ ಇದೆ. ಹೊಟ್ಟೆ ಬೀಳದ ಹಾಗೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಸೇತುವೆಯಂತೆ ಉಳಿಸಬೇಕು. ಎಲ್ಲಿ ಅನ್ನುವುದೇ ಪ್ರಶ್ನೆ. ಸೊನ್ನೆಯ ಬಲಗಡೆ ಉಳಿಸಿದರೆ ಅದು ಇಂಗ್ಲಿಷಿನ 'ಸಿ' ಆಗುತ್ತದೆ. ತಲೆಕಟ್ಟು ಇರುವ ಅಕ್ಷರದಲ್ಲಿ, ತಲೆಕಟ್ಟು ಮೈಗೆ ಕೂಡುವ ಕಡೆ ಉಳಿಸುವುದು ನನ್ನ ರೂಢಿ. ಕೈಬರಹದಲ್ಲೂ ನಮ್ಮ ಪೆನ್ನು ಎಷ್ಟೋ ಸಲ ಅಲ್ಲೇ ಏಳುತ್ತದೆ. ಹಾಗಾಗಿ ಕಣ್ಣಿಗೆ ಕಿರಿಕಿರಿ ಆಗುವುದಿಲ್ಲ.

ಸ್ಪ್ರೇ ಕ್ಯಾನಿನ ತಂಟೆ ಇನ್ನೊಂದು. ನ್ಯೂಯಾರ್ಕ್ ಶೈಲಿಯಲ್ಲಿ ಬಣ್ಣ ಸೋರಿ ಇಳಿದರೆ ಅದೂ ಒಂದು ಅಂದ. ನಮ್ಮಲ್ಲಿ 'ದ'ದ ಕೆಳಗೆ ಒಂದು ಹನಿ ಇಳಿದರೆ ಸಾಕು, ದೂರದಿಂದ ಅದು 'ಧ'. ದನ ಹೋಗಿ ಧನ ಆಗುತ್ತದೆ. 'ಡ', 'ಬ' ಅಕ್ಷರಗಳ ಪಾಡೂ ಇದೇ. ಕ್ಯಾನನ್ನು ಗೋಡೆಗೆ ತೀರಾ ಹತ್ತಿರ ಹಿಡಿದು ನಿಧಾನ ಮಾಡಿದರೆ ಬಣ್ಣ ಜಾಸ್ತಿ ಕೂತು ಸೋರುತ್ತದೆ. ಅಕ್ಷರದ ಬುಡಕ್ಕೆ ಬಂದಾಗ ಕೈ ಚುರುಕಾಗಬೇಕು.

ಬರೀ ಚಿತ್ರ ಬರೆಯುವವರಿಗೆ ಈ ಪಾಡಿಲ್ಲ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಬೊಂಬೆ ತಂದಿಟ್ಟಾಗ ಒಂದಕ್ಷರವೂ ಬೇಕಾಗಲಿಲ್ಲ. ಹೊಟ್ಟೆಕಿಚ್ಚಾಗುತ್ತದೆ ನನಗೆ.

ಈ ವಿದ್ಯೆಯೆಲ್ಲ ಗೊತ್ತಿದ್ದದ್ದು ಬೋರ್ಡ್ ಬರೆಯುವವರಿಗೆ, ಸಿನಿಮಾ ಬ್ಯಾನರ್ ಬರೆಯುವವರಿಗೆ. ಫ್ಲೆಕ್ಸ್ ಬಂದು ಅವರ ಕೆಲಸ ಹೋಯಿತು. 2009ರ ಸುಮಾರಿಗೆ ಬಿಬಿಎಂಪಿ ಅಂಥವರನ್ನು ಕರೆಸಿ ಕಾಂಪೌಂಡ್ ಗೋಡೆಗಳ ಮೇಲೆ ಹಂಪಿ, ಹುಲಿ, ಆನೆ ಬರೆಸಿತು. ಹುಲಿಗಳನ್ನು ನೋಡಿ ನಕ್ಕವರು ತುಂಬಾ ಜನ. ನಾನು ಆ ಪೇಂಟರ್‌ಗಳು ಗೋಡೆಗೆ ಚೌಕ ಹಾಕುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ದಾರಕ್ಕೆ ನೀಲಿ ಪುಡಿ ಹಚ್ಚಿ, ಎರಡು ಕಡೆ ಎಳೆದು ಹಿಡಿದು, ನಡುವೆ ಚಿಮ್ಮಿದರೆ ಮೂವತ್ತು ಅಡಿ ಗೆರೆ ಒಂದೇ ಏಟಿಗೆ. ಇಂದಿನ ಹುಡುಗರು ಗೋಡೆ ತುಂಬ ಸುಮ್ನೆ ಗೀಚಿ, ಫೋಟೋ ತೆಗೆದು, ಮೊಬೈಲ್‌ನಲ್ಲಿ ಆ ಗೀಚಿನ ಮೇಲೆ ಚಿತ್ರ ಕೂರಿಸಿಕೊಂಡು ಬರೆಯುತ್ತಾರೆ. ಸಣ್ಣ ಚಿತ್ರವನ್ನು ಅಳತೆ ತಪ್ಪದೆ ಗೋಡೆಗೆ ಏರಿಸುವ ಲೆಕ್ಕ ಎರಡರದ್ದೂ ಒಂದೇ.

2024ರಿಂದ ಬೋರ್ಡುಗಳಲ್ಲಿ ಶೇ 60 ಕನ್ನಡ ಇರಬೇಕು ಅನ್ನುವ ಕಾನೂನು ಬಂದಿದೆ. ಸಂತೋಷ. ಆದರೆ ಫಾಂಟನ್ನು ಅಡ್ಡಡ್ಡ ಎಳೆದು ಆ 60 ತುಂಬಿಸುವವರನ್ನು ಏನು ಮಾಡೋಣ? ಅಡ್ಡ ಎಳೆದರೆ ಸೊನ್ನೆ ಮೊಟ್ಟೆಯಾಗುತ್ತದೆ. ನಿಲುವು ಗೆರೆ ದಪ್ಪ, ಅಡ್ಡ ಗೆರೆ ಸಣ್ಣ ಆಗಿ ಅಕ್ಷರ ಊದಿಕೊಂಡಂತೆ ಕಾಣುತ್ತದೆ.

ಗೋಡೆಯ ಯಜಮಾನರ ಅನುಮತಿ ಬರಹದಲ್ಲಿ ಇರಲಿ. ತೆರೆದ ಸ್ಥಳಗಳನ್ನು ವಿರೂಪ ಮಾಡಬಾರದು ಅನ್ನುವ 1981ರ ಕಾಯ್ದೆ ಇನ್ನೂ ಇದೆ. ಹಳೇ ಸುಣ್ಣ ಕೆರೆಯದೆ ಬಣ್ಣ ಹೊಡೆಯಬೇಡಿ, ಹಪ್ಪಳದ ಹಾಗೆ ಏಳುತ್ತದೆ.

ಹುಡುಗನಿಗೆ ಒಂದು ಹಳೇ ಪೇಪರ್ ಕಟ್ಟು, ಎರಡಿಂಚಿನ ಬ್ರಷ್ ಕೊಟ್ಟೆ. 'ದನ', 'ಧನ' ಎರಡನ್ನೂ ಬರೆದು ನನ್ನ ಗೇಟಿಗೆ ಅಂಟಿಸಿ ರಸ್ತೆ ದಾಟಿ ಹೋದ. ಆ ಕಡೆಯಿಂದ ಕೂಗಿದ: 'ಸಾರ್, ಎರಡೂ ದನಾನೇ!' ವಾಪಸ್ ಬಂದು ಇನ್ನೊಂದು ಹಾಳೆ ತೆಗೆದುಕೊಂಡ.