ಕೇಳುಗರ ವೀಳ್ಯದಿಂದ ನಡೆದ ಮೇಳ: ಮರಿಯಾ ಶ್ನೈಡರ್ ಅವರ ಜಾಝ್

ಕುಂಬಳೆ ಸೀಮೆಯಲ್ಲಿ ಹರಕೆಯ ಯಕ್ಷಗಾನ ಆಟ ಆಡಿಸುವ ಮನೆಯವರು ಮೇಳದ ವೀಳ್ಯವನ್ನು, ಎಂದರೆ ತಂಡಕ್ಕೆ ಕೊಡುವ ಹಣವನ್ನು, ಮೊದಲೇ ನಿಶ್ಚಯಿಸಿರುತ್ತಾರೆ. ಗದ್ದೆಯಲ್ಲಿ ನೂರು ಮಂದಿ ಸೇರಲಿ, ಸಾವಿರ ಮಂದಿ ಸೇರಲಿ, ಭಾಗವತರ ಮತ್ತು ಚೆಂಡೆ ಮದ್ದಳೆಯವರ ಸಂಬಳಕ್ಕೆ ಕುಂದಿಲ್ಲ. ಟಿಕೇಟನ್ನೇ ನಂಬಿದ್ದ ಡೇರೆ ಮೇಳಗಳು ಸೊರಗಿದ ಮೇಲೂ ಹರಕೆ ಮೇಳಗಳು ಉಳಿದಿರುವುದಕ್ಕೆ ಇದೂ ಒಂದು ಕಾರಣ. ಅಮೆರಿಕದ ಜಾಝ್ ಸಂಯೋಜಕಿ ಮರಿಯಾ ಶ್ನೈಡರ್ ಅವರ ವೃತ್ತಿಜೀವನವನ್ನು ಕಾಸರಗೋಡಿನಲ್ಲಿ ಕುಳಿತು ಗಮನಿಸಿದಾಗ ನನಗೆ ಈ ಏರ್ಪಾಡೇ ನೆನಪಾಗುತ್ತದೆ.

ಮಿನ್ನೆಸೋಟಾದ ವಿಂಡಮ್ ಎಂಬ ಸಣ್ಣ ಊರಿನಲ್ಲಿ 1960ರಲ್ಲಿ ಹುಟ್ಟಿದ ಅವರು, ಈಸ್ಟ್‌ಮನ್ ಸಂಗೀತ ಶಾಲೆಯ ಓದು ಮುಗಿಸಿ 1985ರಲ್ಲಿ ನ್ಯೂಯಾರ್ಕಿಗೆ ಬಂದು, ಜಾಝ್ ಸಂಯೋಜಕ ಬಾಬ್ ಬ್ರೂಕ್‌ಮೈಯರ್ ಅವರಲ್ಲಿ ಕಲಿತರು. ಇನ್ನೊಬ್ಬ ಜಾಝ್ ಸಂಯೋಜಕ ಗಿಲ್ ಇವಾನ್ಸ್ ಅವರಿಗೆ ಸಹಾಯಕಿಯಾಗಿ ದುಡಿದರು. 1993ರಿಂದ 1998ರವರೆಗೆ ಶ್ನೈಡರ್ ಅವರ ತಂಡ ನ್ಯೂಯಾರ್ಕಿನ ವಿಸಿಯೋನೆಸ್ ಕ್ಲಬ್ಬಿನಲ್ಲಿ ಪ್ರತಿ ಸೋಮವಾರ ನುಡಿಸುತ್ತಿತ್ತು.

ಅದು ಬಿಗ್ ಬ್ಯಾಂಡ್, ಎಂದರೆ ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರಾಂಬೋನ್‌ಗಳ ಮೂರು ಸಾಲು ಮತ್ತು ಲಯವಾದ್ಯಗಳು. ಹಳೆಯ ಪದ್ಧತಿಯಲ್ಲಿ ಒಂದು ಸಾಲು ಕೇಳಿದ್ದಕ್ಕೆ ಇನ್ನೊಂದು ಸಾಲು ಉತ್ತರ ಕೊಡುತ್ತದೆ. ಶ್ನೈಡರ್ ಆ ಸಾಲುಗಳನ್ನು ಬೆರೆಸಿದರು. ಅಕಾರ್ಡಿಯನ್ ಕೂಡಾ ಸೇರಿತು. ಒಂಟಿಯಾಗಿ ಆಶುವಾಗಿ ನುಡಿಸುವವರಿಗೆ ಅವರು ಕೊಡುವ ಜಾಗವನ್ನು ವೇಷ ಕುಣಿತಗಳಿಲ್ಲದೆ ಕುಳಿತೇ ನಡೆಸುವ ಯಕ್ಷಗಾನವಾದ ತಾಳಮದ್ದಳೆ ಬಲ್ಲವರು ಸುಲಭವಾಗಿ ಗುರುತಿಸಬಹುದು. ಪದ್ಯ ಹಾಡುವ ಭಾಗವತರದು, ಮಾತು ಪಾತ್ರವಾಗಿ ಆಡುವ ಅರ್ಥಧಾರಿಯದು. ಆದರೆ ಆ ಮಾತು ಪ್ರಸಂಗವನ್ನು ಮುಂದಕ್ಕೆ ಒಯ್ಯದಿದ್ದರೆ ಅದು ‘ಅರ್ಥ’ ಎನಿಸುವುದಿಲ್ಲ, ಬರಿಯ ಪಾಂಡಿತ್ಯವಾಗುತ್ತದೆ. 2007ರ ‘ಸ್ಕೈ ಬ್ಲೂ’ ಧ್ವನಿಮುದ್ರಿಕೆಯಲ್ಲಿರುವ, ವಲಸೆ ಹಕ್ಕಿಗಳ ಕುರಿತ ‘ಸೆರೂಲಿಯನ್ ಸ್ಕೈಸ್’ ಕೃತಿಯಲ್ಲಿ ವಾದಕರೇ ಹಕ್ಕಿಗಳ ಕೂಗನ್ನು ಹೊರಡಿಸುತ್ತಾರೆ. ಅಲ್ಲಿಂದ ಮುಂದೆ ಆಶುವಾದನವೇ ಹಾರಾಟದ ಕಥೆಯನ್ನು ಹೇಳುತ್ತದೆ.

ಇಷ್ಟು ದೊಡ್ಡ ತಂಡದ ಸಂಬಳ, ತಾಲೀಮು ಮತ್ತು ಸ್ಟುಡಿಯೊ ವೆಚ್ಚದ ಮೇಲೆ ಕಂಪೆನಿ, ವಿತರಕ, ಅಂಗಡಿಗಳ ಪಾಲೂ ಸೇರಿದರೆ ಸಂಯೋಜಕರಿಗೆ ಉಳಿಯುವುದು ಅತ್ಯಲ್ಪ. ಶ್ನೈಡರ್ ಆರ್ಟಿಸ್ಟ್‌ಶೇರ್ ಎಂಬ ಜಾಲತಾಣದ ಮೂಲಕ ಕೇಳುಗರಿಂದ ಮುಂಗಡ ಪಡೆದು, ಕೃತಿ ರೂಪುಗೊಳ್ಳುವ ಬಗೆಯನ್ನೂ ಅವರಿಗೆ ತೋರಿಸುತ್ತ, 2004ರಲ್ಲಿ ‘ಕಾನ್ಸರ್ಟ್ ಇನ್ ದ ಗಾರ್ಡನ್’ ಹೊರತಂದರು. ಅಂಗಡಿಗಳಲ್ಲಿ ಮಾರಾಟವಾಗದೆಯೇ ಗ್ರ್ಯಾಮಿ ಪ್ರಶಸ್ತಿ ಪಡೆದ ಮೊದಲ ಧ್ವನಿಮುದ್ರಿಕೆ ಅದು.

ಆದರೆ ಹರಕೆಯ ಆಟ ಬೆಳಗಾಗುವಾಗ ಮುಗಿಯುತ್ತದೆ, ಧ್ವನಿಮುದ್ರಿಕೆ ಮುಗಿಯುವುದಿಲ್ಲ. ಅನುಮತಿಯಿಲ್ಲದೆ ಜಾಲಕ್ಕೇರಿದ ಪ್ರತಿಗಳನ್ನು ಹುಡುಕಿ ತೆಗೆಸುವ ಹೊರೆ, 1998ರ ಅಮೆರಿಕದ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ, ಹಕ್ಕುದಾರರ ಮೇಲೆಯೇ ಬೀಳುತ್ತದೆ. 2014ರಲ್ಲಿ ಶ್ನೈಡರ್ ಅಮೆರಿಕದ ಸಂಸತ್ತಿನ ಸಮಿತಿಯೆದುರು ಇದನ್ನೇ ಹೇಳಿದರು. 2020ರಲ್ಲಿ, ದತ್ತಾಂಶ ಕಂಪೆನಿಗಳ ಪ್ರಾಬಲ್ಯ ಒಂದೆಡೆ, ನಿಸರ್ಗ ಇನ್ನೊಂದೆಡೆ ಎಂಬ ಎರಡು ಭಾಗಗಳ ‘ಡೇಟಾ ಲಾರ್ಡ್ಸ್’ ಬಂತು. ಅವರ ಕೃತಿಗಳಲ್ಲಿ ನಾನು ಅತ್ಯಂತ ಮಹತ್ವದ್ದೆಂದು ಎಣಿಸುವುದು ಇದನ್ನೇ. ಅದೇ ವರ್ಷ ಅವರು ಯೂಟ್ಯೂಬ್ ವಿರುದ್ಧ, ನಕಲನ್ನು ತಾನಾಗಿ ಪತ್ತೆಹಚ್ಚುವ ವ್ಯವಸ್ಥೆ ಸಣ್ಣ ಹಕ್ಕುದಾರರಿಗೆ ಸಿಗುತ್ತಿಲ್ಲವೆಂದು ಮೊಕದ್ದಮೆ ಹೂಡಿದರು. ಎಲ್ಲ ಹಕ್ಕುದಾರರ ಪರವಾಗಿ ಅದನ್ನು ನಡೆಸಲು ನ್ಯಾಯಾಲಯ ಒಪ್ಪದ ಕಾರಣ, 2023ರಲ್ಲಿ ಅದು ವಿಚಾರಣೆಗೆ ಬರುವ ಮೊದಲೇ ಕೊನೆಗೊಂಡಿತು. ನಮ್ಮ ಮೇಳದ ಪದ್ಯವೊಂದನ್ನು ಯಾರೋ ಜಾಲಕ್ಕೇರಿಸಿದರೆ ಹಾಡಿದ ಭಾಗವತರ ಮುಂದಿರುವ ದಾರಿಯೂ ಅದೇ ಹಳೆಯದು: ಒಂದೊಂದನ್ನೂ ತಾವೇ ಹುಡುಕಿ, ಒಂದೊಂದಕ್ಕೂ ತಾವೇ ದೂರು ಬರೆಯುವುದು.